ಮೀನಿಲ್ಲದ ಕೆರೆಗೆ ಗಾಳ ಹಾಕಿದವರು

ಆ ಭಾನುವಾರವೂ ನಾನು ಕಲಸಿದ ಹಿಟ್ಟು ಸರಿ ಇರಲಿಲ್ಲ. ಸರಿ ಇದ್ದ ಭಾನುವಾರ ಯಾವುದೂ ನನಗೆ ನೆನಪಿಲ್ಲ. ನಮ್ಮ ಎಸ್ಟೇಟಿನ ಪಂಪ್ ಮಿಸ್ತ್ರಿ ಉಂಡೆಯನ್ನು ಕಡ್ಡಿಯಿಂದ ಚುಚ್ಚಿ, ಮೂಸಿ, ಆಮೇಲೆ ನನ್ನ ಮುಖ ನೋಡಿದರು.

"ಇದೇನು ರೈಟ್ರೇ, ಗೆಂಡೆ ಹಿಡಿಯಾಕೆ ಕಲ್ಸಿದ್ರೋ, ಗೋಡೆ ಬಿರುಕು ಮುಚ್ಚಾಕೆ ಕಲ್ಸಿದ್ರೋ?"

"ಹೋದ ವಾರ ಮೆತ್ತಗಾಯ್ತು ಅಂದ್ರಲ್ಲ ಮಿಸ್ತ್ರಿ."

"ಹೋದ ವಾರದ ಮೀನು ಬೇರೆ, ಈ ವಾರದ ಮೀನು ಬೇರೆ. ಇಷ್ಟು ವರ್ಷ ಎಸ್ಟೇಟಲ್ಲಿ ಹಾಜರಿ ಮಸ್ಟರ್ ಬರ್ದಿದೀರಿ, ದಿನಾ ಅದೇ ಜನ ಕೆಲ್ಸಕ್ಕೆ ಬತ್ತಾರೇನು?"

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಹತ್ತು ಗಂಟೆಯಾದರೂ ಕೆರೆಯ ಮೇಲಿನ ಮಂಜು ಎದ್ದಿರಲಿಲ್ಲ. ಚಳಿಗಾಲದಲ್ಲಿ ಗೆಂಡೆ ಮೀನು ಕೆರೆಯ ತಳದಲ್ಲಿ ಮಂಕಾಗಿ ಬಿದ್ದಿರುತ್ತದೆ, ಗಟ್ಟಿ ಹಿಟ್ಟನ್ನು ಮೂಸಿ ಮುಂದೆ ಹೋಗುತ್ತದೆ, ಆದ್ದರಿಂದ ಗಾಳ ಸಣ್ಣದಿರಬೇಕು, ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು ಎಂಬ ಪಾಠವನ್ನು ನಾನು ನೂರನೆಯ ಸಲ ಕೇಳಿಸಿಕೊಂಡೆ. ಕೆರೆಯ ನೀರನ್ನೇ ಚಿಮುಕಿಸಿ ಮತ್ತೆ ನಾದಿ, ಅವರ ಒಪ್ಪಿಗೆ ಸಿಕ್ಕಿ, ಗಾಳ ನೀರಿಗಿಳಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಮಧ್ಯಾಹ್ನದೊಳಗೆ ಎರಡು ಗೆಂಡೆ ಸಿಕ್ಕವು. ದೊಡ್ಡದನ್ನು ನನ್ನ ಚೀಲಕ್ಕೆ ಹಾಕಿದರು.

"ನಿಮ್ಮನೇಲಿ ತಿನ್ನೋರು ಜಾಸ್ತಿ, ನಮ್ಮನೇಲಿ ಬಯ್ಯೋರು ಜಾಸ್ತಿ. ತಗೊಂಡೋಗಿ."

ಏರಿಯ ಮೇಲೆ ಬರುವಾಗ ಅವರು ಮುಂದೆ, ನಾನು ಹಿಂದೆ. "ಮಿಸ್ತ್ರಿ" ಎಂದು ಕರೆದೆ. ನಿಂತು ತಿರುಗಿದರು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಏನು?"

"ಏನಿಲ್ಲ, ಚಳಿ ಜಾಸ್ತಿ ಇವತ್ತು."

"ಮಾಗೀಲಿ ಚಳಿ ಆಗ್ದೆ ಸೆಕೆ ಆಯ್ತದಾ ಮಾರಾಯ್ರೆ? ಇದನ್ನ ಹೇಳಾಕೆ ನಿಲ್ಸಿದ್ರಾ?" ಎಂದು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ನಾಳೆ ಪಂಪಿನ ಫುಟ್‌ವಾಲ್ ಬಿಚ್ಬೇಕು" ಎಂದು ಹೇಳಿ ನಡೆದರು.

ಮರುದಿನ ಹನ್ನೊಂದರ ಹೊತ್ತಿಗೆ ಪಂಪ್‌ಹೌಸಿನ ಮೆಟ್ಟಿಲ ಮೇಲೆ ಸ್ಪ್ಯಾನರ್ ಹಿಡಿದು ಕೂತವರು ಮತ್ತೆ ಏಳಲಿಲ್ಲ. ಎಸ್ಟೇಟಿನ ಜೀಪಿನಲ್ಲಿ ಸಕಲೇಶಪುರಕ್ಕೆ ಕರೆದೊಯ್ದೆವು. ಡಾಕ್ಟರು ನಾಡಿ ಹಿಡಿದು ನೋಡಿ, "ಸ್ವಲ್ಪ ಮುಂಚೆ ತರಬೇಕಿತ್ತು" ಎಂದರು. ಸ್ವಲ್ಪ ಮುಂಚೆ ಅವರು ಚೆನ್ನಾಗಿಯೇ ಇದ್ದರು. ಚೆನ್ನಾಗಿರುವವರನ್ನು ಆಸ್ಪತ್ರೆಗೆ ಸಾಗಿಸುವ ಪದ್ಧತಿ ನಮ್ಮ ಕಡೆ ಇನ್ನೂ ಬಂದಿಲ್ಲ.

ನಾನು ನುಂಗಿಕೊಂಡ ಮಾತು ಏನೆಂದು ಈಗಲೇ ಹೇಳಿಬಿಡುತ್ತೇನೆ. ಅದಕ್ಕೂ ಎಂಟು ವರ್ಷ ಮುಂಚೆ ನಮ್ಮ ಎಸ್ಟೇಟಿನ ಕೆರೆಯಲ್ಲಿದ್ದ ಮೀನೆಲ್ಲ ಎರಡೇ ದಿನದಲ್ಲಿ ಸತ್ತು ತೇಲಿತು. ತಪ್ಪು ನನ್ನದು. ಬೈಸಿಕೊಂಡವರು, ಎರಡು ತಿಂಗಳು ಪಂಪಿನ ಕೆಲಸ ಕಳೆದುಕೊಂಡವರು ಅವರು. ಆ ಎಂಟು ವರ್ಷ ಪ್ರತಿ ಭಾನುವಾರ ಅವರ ಪಕ್ಕದಲ್ಲೇ ಕೂತು ಹಿಟ್ಟು ಕಲಸಿಕೊಟ್ಟೆ. ಅದೊಂದನ್ನು ಬಿಟ್ಟು ಬೇರೆಲ್ಲ ಮಾತಾಡಿದೆ.

ಹನ್ನೊಂದನೆಯ ದಿನದ ಊಟಕ್ಕೆ ಬಂದವರು ಅವರನ್ನು ಬಹಳ ಹೊಗಳಿದರು. ಎಸ್ಟೇಟಿನ ಸಾಹುಕಾರರ ಭಾವ ಎಲೆಯ ಮುಂದೆ ಕೂತು, "ಬಾಳ ಸಾಧು ಮನುಷ್ಯ, ಒಬ್ರಿಗೆ ಒಂದು ಮಾತು ಅಂದೋರಲ್ಲ" ಎಂದರು. ಹಾಗಾದರೆ ನಾವು ಯಾರದೋ ತಿಥಿಗೆ ಬಂದಿದ್ದೇವೆ ಎಂದು ನನಗನ್ನಿಸಿತು. ಸೊಪ್ಪು ಮಾರುವವಳಿಂದ ಹಿಡಿದು ಕಾಫಿ ತೋಟ ನೋಡಲು ಬರುವ ಸರ್ಕಾರಿ ಅಧಿಕಾರಿಯವರೆಗೆ ಅವರಿಂದ ಒಂದು ಮಾತು ಅನ್ನಿಸಿಕೊಳ್ಳದವರು ನಮ್ಮ ಹೊಂಗಡಹಳ್ಳದ ದಾರಿಯಲ್ಲಿ ಯಾರೂ ಉಳಿದಿರಲಿಲ್ಲ. ಈ ಭಾವನಿಗೂ ಅಂದಿದ್ದರು. ಮೀನಿಗೆ ಎರೆಹುಳು ಆರಿಸುವಾಗ ತಿಪ್ಪೆಯ ಹುಳು ಒಳ್ಳೆಯದೋ ತೋಟದ ಹುಳು ಒಳ್ಳೆಯದೋ ಎಂದು ನಾನು ಕೇಳಿದ್ದಕ್ಕೆ ಕೊಟ್ಟ ಉತ್ತರ ಅದು. "ತಿಪ್ಪೆ ಹುಳ ಸಣ್ಣದು, ಕೆಂಪಗಿರ್ತದೆ, ಗಾಳದ ಮೇಲೂ ಕುಣೀತದೆ. ತೋಟದ ಹುಳ ದಪ್ಪ ಇರ್ತದೆ, ಆದ್ರೆ ಸಾವ್ಕಾರ್ರ ಭಾವನಂಗೆ ಎಲ್ಲಿ ಇಟ್ರೆ ಅಲ್ಲೇ ಬಿದ್ದಿರ್ತದೆ. ಮೀನು ಮುಟ್ಟಲ್ಲ."

ಮಿಸ್ತ್ರಿ ನಮ್ಮ ಎಸ್ಟೇಟಿಗೆ ಬಂದದ್ದು ಡೀಸೆಲ್ ಎಂಜಿನ್ ನೋಡಿಕೊಳ್ಳುವುದಕ್ಕೆ. ಕಾಫಿ ಗಿಡ ಹೂ ಬಿಡಬೇಕಾದ ದಿನಗಳಲ್ಲಿ ಮಳೆ ಕೈಕೊಟ್ಟರೆ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರಿನಲ್ಲಿ ಹೊಡೆಯಬೇಕು. ಇದಕ್ಕೆ ನಾವು ಹೂ ನೀರು ಎನ್ನುತ್ತೇವೆ. ಆ ಎರಡು ಮೂರು ವಾರ ಅವರೇ ಎಸ್ಟೇಟಿನ ದೇವರು. ಉಳಿದ ದಿನಗಳಲ್ಲಿ ಎಸ್ಟೇಟಿನವರಿಗೆ ಅವರು ಪಂಪಿನ ಪಕ್ಕ ಕೂತು ಬೀಡಿ ಸೇದುವ ಮನುಷ್ಯ. ಹರೆಯದಲ್ಲಿ, ಎಂಜಿನ್ ಕೆಲಸ ಕಲಿಯುವುದಕ್ಕೆ ಮುಂಚೆ, ಘಟ್ಟದ ಕಾಡಿನ ನಡುವಿನ ಎಡಕುಮೇರಿ ಕಡೆ ರೈಲ್ವೆ ಗ್ಯಾಂಗಿನಲ್ಲಿ ಇದ್ದರಂತೆ. ಮೀನು ಕಚ್ಚದೆ ಮೂರು ಗಂಟೆಯಾಯಿತು, ಮನೆಗೆ ಹೋಗೋಣ ಎಂದು ನಾನು ಏಳುವಾಗಲೆಲ್ಲ, "ಎಡಕುಮೇರೀಲಿ ಗಾಡಿ ಕಾದೋನು ನಾನು, ಕೂತ್ಕೊಳ್ಳಿ" ಎನ್ನುತ್ತಿದ್ದರು. ಅಲ್ಲಿ ಗಾಡಿ ಎಷ್ಟು ಹೊತ್ತಿಗೆ ಬರುತ್ತಿತ್ತು ಎಂದು ಕೇಳಿದರೆ, "ಬಂದಾಗ ಬತ್ತಿತ್ತು."

ಮೀನು ಹಿಡಿಯುವುದರಲ್ಲಿ ಅವರಿಗಿದ್ದ ಮೊದಲ ಅನುಕೂಲ ಬೇರೆ ಯಾರಿಗೂ ಇರಲಿಲ್ಲ. ಬೇರೆಯವರು ಕೆರೆಯನ್ನು ಮೇಲಿಂದ ನೋಡಿದ್ದರು, ಅವರು ಕೆಳಗಿಂದ ನೋಡಿದ್ದರು. ಹೂ ನೀರು ಹೊಡೆದು ಮುಗಿಯುವಾಗ ಕೆರೆ ಮುಕ್ಕಾಲು ಬತ್ತಿರುತ್ತಿತ್ತು. ಆಗ ಪಂಚೆ ಎತ್ತಿ ಕಟ್ಟಿ ಕೆಸರಿನಲ್ಲಿ ಇಳಿದು ಇಡೀ ಕೆರೆಯನ್ನು ಅಳೆದು ಬರುತ್ತಿದ್ದರು. ಕೆರೆ ಕಟ್ಟುವುದಕ್ಕೆ ಮುಂಚೆ ಅಲ್ಲಿ ಗದ್ದೆ ಇತ್ತು. ಗದ್ದೆಯ ಬದುಗಳು ನೀರಿನಡಿಯಲ್ಲಿ ಹಾಗೇ ಉಳಿದಿದ್ದವು. ಗೆಂಡೆ ತಳ ಕೆದಕಿ ತಿನ್ನುವ ಮೀನು. ಅದು ಆ ಬದುಗಳ ಬುಡ ಹಿಡಿದು ಮೇಯುತ್ತಾ ಹೋಗುತ್ತದೆ, ದನ ಬೇಲಿ ಪಕ್ಕ ಮೇಯುವ ಹಾಗೆ. ಯಾವ ಬದು ಎಲ್ಲಿ ತಿರುಗುತ್ತದೆ ಎಂಬುದನ್ನು ದಡದ ಮರಗಳ ಗುರುತಿನಲ್ಲಿ ಅವರು ನೆನಪಿಟ್ಟಿದ್ದರು. ಬೇರೆಯವರು ಕೆರೆಯ ನಡುವಿಗೆ ಬೀಸಿ ಬೀಸಿ ಎಸೆಯುವಾಗ ಇವರು ದಡದಿಂದ ಎರಡು ಮಾರು ದೂರಕ್ಕೆ ಹಾಕಿ ಕೂರುತ್ತಿದ್ದರು. "ದೂರ ಎಸ್ದ್ರೆ ದೊಡ್ಡ ಮೀನು ಸಿಗ್ತದೆ ಅನ್ನೋದು ಕಲ್ಲು ಹೊಡ್ದು ಮಾವಿನಕಾಯಿ ಕೆಡವಿ ಅಭ್ಯಾಸ ಇರೋರ ಬುದ್ಧಿ."

ಎರಡನೆಯದು ಕರೆಯುವ ಕ್ರಮ. ಗಾಳ ಹಾಕಿದ ಕೂಡಲೇ ಮೀನು ಬರಬೇಕು ಎನ್ನುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಭಾನುವಾರದ ಬೇಟೆಗೆ ಗುರುವಾರವೇ ಶುರು. ಅಕ್ಕಿ ತೌಡು, ನೆನೆಸಿದ ಕಡಲೆಕಾಯಿ ಹಿಂಡಿ, ಮುಳುಗುವುದಕ್ಕೆ ಸ್ವಲ್ಪ ಕೆಮ್ಮಣ್ಣು. ಮೂರೂ ಸೇರಿಸಿ ಮುಷ್ಟಿ ಗಾತ್ರದ ಉಂಡೆ ಮಾಡಿ, ಗುರುವಾರ, ಶುಕ್ರವಾರ, ಶನಿವಾರ ಸಂಜೆ ಕೆಲಸ ಬಿಡುವ ಹೊತ್ತಿಗೆ ಅದೇ ಜಾಗಕ್ಕೆ ಮೂರು ಮೂರು ಉಂಡೆ. ಹೆಚ್ಚು ಹಾಕಿದರೆ ಮೀನಿಗೆ ಹೊಟ್ಟೆ ತುಂಬುತ್ತದೆ, ಕಮ್ಮಿ ಹಾಕಿದರೆ ನೆನಪಿರುವುದಿಲ್ಲ. "ಎಲೆ ಹಾಕ್ದೆ ಪಾಯಸ ಬಡಿಸ್ತಾರಾ ರೈಟ್ರೇ? ಕರೀಬೇಕು, ಕೂರಿಸ್ಬೇಕು, ಆಮೇಲೆ ಬಡಿಸ್ಬೇಕು." ತಮ್ಮ ಮನೆಗೆ ಬಂದ ನೆಂಟರನ್ನು ಅವರು ಇಷ್ಟು ಉಪಚರಿಸಿದ್ದನ್ನು ನಾನು ಕಂಡಿಲ್ಲ.

ಎರೆ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಮುಂಗಾರಿನಲ್ಲಿ ನೀರು ಕೆಂಪಗಿರುವಾಗ ತಿಪ್ಪೆಯ ಎರೆಹುಳು, ಅದೂ ಎರಡು ಸೇರಿಸಿ. ಕೆಂಪು ನೀರಿನಲ್ಲಿ ಮೀನಿನ ಕಣ್ಣಿಗೆ ಏನೂ ಕಾಣುವುದಿಲ್ಲ, ಮೂಗಿಗೆ ಹೊಡೆಯಬೇಕು. ಹಲಸು ಹಣ್ಣಾಗುವ ದಿನಗಳಲ್ಲಿ ದಡದ ಹಲಸಿನ ಮರದ ಕೆಳಗೆ ಕೂತು ಹಣ್ಣಿನ ತೊಳೆಯ ಚೂರು. ನೀರು ತಿಳಿಯಾದ ಮೇಲೆ ಹಿಟ್ಟು. ಹಿಟ್ಟೆಂದರೆ ರಾಗಿ ಹಿಟ್ಟಿಗೆ ಹುರಿದ ಕಡಲೆ ಹಿಟ್ಟು ಬೆರೆಸಿ, ಒಂದು ಚೂರು ಬೆಲ್ಲ. ಈ ಹಿಟ್ಟನ್ನಾಗಲಿ, ಹುಳು, ತೌಡಿನ ಉಂಡೆಯನ್ನಾಗಲಿ ಅವರು ತಾವು ಮುಟ್ಟುತ್ತಿರಲಿಲ್ಲ. ಅವರ ಕೈಗೆ ಮೂವತ್ತು ವರ್ಷದ ಡೀಸೆಲ್ ಹತ್ತಿತ್ತು. ಹುಣಸೆಹಣ್ಣು, ಬೂದಿ, ಸೀಗೆಪುಡಿ ಯಾವುದರಲ್ಲಿ ತೊಳೆದರೂ ಹೋಗುತ್ತಿರಲಿಲ್ಲ. ಗೆಂಡೆಗೆ ಆ ವಾಸನೆ ಒಂದು ಚೂರು ಬಡಿದರೂ ಆ ದಿನ ಮುಗಿದಂತೆ. ಹೀಗಾಗಿ ನಾನು ಬೇಕಾದೆ. ನನ್ನನ್ನು ಅವರು ಭಾನುವಾರದ ಜೊತೆಗೆ ಆರಿಸಿಕೊಂಡ ಕಾರಣವನ್ನು ಮೊದಲ ದಿನವೇ ಹೇಳಿದ್ದರು.

"ರೈಟರ್ ಕೈ ಅಂದ್ರೆ ಯಾವ ಕೆಲ್ಸನೂ ಮಾಡ್ದಿರೋ ಕೈ. ಮೀನಿಗೆ ಅನುಮಾನ ಬರಲ್ಲ."

ಮೀನಿಗೆ ಅನುಮಾನ ಬರಲಿಲ್ಲ, ನಿಜ. ಯಾರಿಗೂ ಬರಲಿಲ್ಲ ಎಂದುಕೊಂಡಿದ್ದೆ.

ಮೂರನೆಯದು ಎಳೆಯುವ ಹೊತ್ತು. ನವಿಲುಗರಿಯ ದಂಟನ್ನು ಕತ್ತರಿಸಿ ಬೆಂಡು ಮಾಡಿರುತ್ತಿದ್ದರು. ಬೆಂಡು ಮುಳುಗಿದರೆ ಎಳೆಯಬೇಕು ಎಂದು ಲೋಕಕ್ಕೆಲ್ಲ ಗೊತ್ತು. ಗೆಂಡೆಯ ವಿಷಯದಲ್ಲಿ ಲೋಕಕ್ಕೆ ಗೊತ್ತಿರುವುದು ತಪ್ಪು. ಅದು ತಲೆ ಕೆಳಗೆ ಮಾಡಿ ತಳದ ಎರೆಯನ್ನು ಬಾಯಿಗೆಳೆದು ಮೇಲೇಳುತ್ತದೆ. ಆಗ ಸೀಸದ ಗುಂಡಿನ ಭಾರವೂ ಜೊತೆಗೆ ಏಳುವುದರಿಂದ ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗುತ್ತದೆ. ಮಲಗಿದ ಮೇಲೆ ಒಂದು ಉಸಿರು ಬಿಟ್ಟು ಎಳೆಯಬೇಕು. ನಾನು ಎರಡು ವರ್ಷ ಮುಳುಗುವುದನ್ನೇ ಕಾಯುತ್ತಿದ್ದೆ. ಬೆಂಡು ಮಲಗಿದಾಗಲೆಲ್ಲ ದಾರ ಸಡಿಲವಾಯಿತೆಂದು ಸರಿಮಾಡಲು ಹೋಗಿ ಮೀನನ್ನು ಓಡಿಸಿದೆ. "ಪರವಾಗಿಲ್ಲ ಬಿಡಿ, ಈ ಕೆರೆ ಮೀನಿಗೆ ನೀವೇ ಆಯಸ್ಸು ಕೊಟ್ಟಿರೋದು" ಎನ್ನುತ್ತಿದ್ದರು.

ಒಮ್ಮೆ ಸಾಹುಕಾರರ ಮನೆಗೆ ಬಂದ ನೆಂಟರೊಬ್ಬರು ಹೊರದೇಶದ ರೀಲು ಕೋಲು, ಒಂದು ಪೆಟ್ಟಿಗೆ ತುಂಬ ಬಣ್ಣದ ರಬ್ಬರ್ ಮೀನು, ಪ್ಲಾಸ್ಟಿಕ್ ಹುಳು ತಂದಿದ್ದರು. ಪೆಟ್ಟಿಗೆ ತೆರೆದು ಮಿಸ್ತ್ರಿಗೆ ತೋರಿಸಿದರು. ಅವರು ಬಗ್ಗಿ ನೋಡಿ, "ಬಾಳ ಚೆನ್ನಾಗೈತೆ ಸಾರ್. ಬಳೆ ಅಂಗ್ಡಿ ಇದ್ದಂಗೈತೆ" ಎಂದರು. ನೆಂಟರು ಬೆಳಿಗ್ಗೆಯಿಂದ ಸಂಜೆಯವರೆಗೆ ಎಸೆದರು. ಗೆಂಡೆ ಇನ್ನೊಂದು ಮೀನನ್ನು ಅಟ್ಟಿಸಿಕೊಂಡು ಹೋಗಿ ತಿನ್ನುವ ಜಾತಿಯಲ್ಲ ಎಂದು ಅವರಿಗೆ ಯಾರೂ ಹೇಳಲಿಲ್ಲ. ಹೇಳಬಹುದಾಗಿದ್ದವರು ಪಕ್ಕದಲ್ಲೇ ಕೂತು ಬೀಡಿ ಸೇದುತ್ತಿದ್ದರು. ಕೊನೆಗೆ ರಬ್ಬರ್ ಮೀನೊಂದು ಹಲಸಿನ ಮರದ ಕೊಂಬೆಗೆ ಸಿಕ್ಕಿಕೊಂಡಿತು. "ಬಿಡಿ ಸಾರ್, ಹಣ್ಣಾದಾಗ ಕುಯ್ಕೊಂಡು ಕಳಿಸ್ತೀವಿ" ಎಂದು ಮಿಸ್ತ್ರಿ ಬಹಳ ವಿನಯದಿಂದ ಹೇಳಿದರು.

ಇಂಥ ಮನುಷ್ಯನ ಕೆರೆಯನ್ನು ನಾನು ಹಾಳು ಮಾಡಿದ್ದು ಹೀಗೆ.

ಕೊಯ್ಲಿನ ದಿನಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ನನ್ನ ಉಸ್ತುವಾರಿ. ಪಲ್ಪರಿನಿಂದ ಬರುವ ಹುಳಿ ನೀರು ಕೆರೆಗೆ ಸೇರಬಾರದು. ಅದಕ್ಕಾಗಿಯೇ ದೊಡ್ಡ ಗುಂಡಿಗಳಿವೆ. ಪಲ್ಪರಿನ ನೀರೂ, ಕಾಫಿ ಒಣಗಿಸುವ ಕಣದ ನೀರೂ ಬರುವುದು ಒಂದೇ ಚರಂಡಿಯಲ್ಲಿ. ಅದು ಒಂದು ಕಡೆ ಎರಡಾಗಿ ಒಡೆಯುತ್ತದೆ, ಒಂದು ಗುಂಡಿಗೆ, ಇನ್ನೊಂದು ಕೆರೆಗೆ. ಅಲ್ಲಿ ಒಂದು ಹಲಗೆ. ಮಳೆಗಾಲದಲ್ಲಿ ಹಲಗೆ ಗುಂಡಿಯ ಬಾಯಿಗೆ, ಕೊಯ್ಲಿನಲ್ಲಿ ಕೆರೆಯ ಬಾಯಿಗೆ. ಆ ವರ್ಷ ಕೊಯ್ಲಿನ ನಡುವೆ ಅಕಾಲ ಮಳೆ ಹೊಡೆಯಿತು. ಕಣದ ತುಂಬ ಕಾಫಿ ಹರಡಿತ್ತು. ಗುಂಡಿಗಳು ತುಂಬಿ ನೀರು ಕಣಕ್ಕೆ ವಾಪಸು ನುಗ್ಗತೊಡಗಿತು. ನಾನು ಓಡಿಹೋಗಿ ಹಲಗೆ ಕಿತ್ತು ಗುಂಡಿಯ ಬಾಯಿಗೆ ಹಾಕಿ, ಮಳೆ ನೀರನ್ನು ಕೆರೆಗೆ ತಿರುಗಿಸಿದೆ. ಕಾಫಿ ಉಳಿಯಿತು. ಸಾಹುಕಾರರು ಬೆನ್ನು ತಟ್ಟಿದರು. ಆ ಖುಷಿಯಲ್ಲಿ ಹಲಗೆಯನ್ನು ವಾಪಸು ಹಾಕುವುದು ಮರೆತೆ. ಮರುದಿನ, ಅದರ ಮರುದಿನ ಪಲ್ಪರ್ ಓಡಿತು. ಮೂರನೆಯ ಬೆಳಿಗ್ಗೆ ಯಾರೋ ಬಂದು ಕೆರೆಯಲ್ಲಿ ಮೀನು ಬಾಯಿ ತೆರೆದು ಮೇಲೆ ಬರುತ್ತಿವೆ ಎಂದರು. ನಾನು ಮೊದಲು ಕೆರೆಗೆ ಹೋಗಲಿಲ್ಲ. ಹಲಗೆಯ ಹತ್ತಿರ ಹೋದೆ. ಅದನ್ನು ಕಿತ್ತು ಸರಿಯಾದ ಬಾಯಿಗೆ ಹಾಕಿ, ಆಮೇಲೆ ಕೆರೆಗೆ ಹೋಗಿ ಎಲ್ಲರಿಗಿಂತ ಹೆಚ್ಚು ಅಯ್ಯೋ ಎಂದೆ.

ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಮಧ್ಯಾಹ್ನದ ಹೊತ್ತಿಗೆ ಮೀನುಗಳು ಹೊಟ್ಟೆ ಮೇಲೆ ಮಾಡಿ ದಡಕ್ಕೆ ಬರತೊಡಗಿದವು. ಇಷ್ಟು ದೊಡ್ಡ ಗೆಂಡೆಗಳು ಆ ಕೆರೆಯಲ್ಲಿವೆ ಎಂದು ಆ ದಿನ ಎಲ್ಲರಿಗೂ ಗೊತ್ತಾಯಿತು, ಮಿಸ್ತ್ರಿಯೊಬ್ಬರಿಗೆ ಮೊದಲೇ ಗೊತ್ತಿತ್ತು. ಸಾಹುಕಾರರು ಏರಿಯ ಮೇಲೆ ನಿಂತು ಕೂಗಾಡಿದರು. ಅವರ ತರ್ಕ ಸರಳವಾಗಿತ್ತು. ಎಸ್ಟೇಟಿನಲ್ಲಿ ನೀರಿಗೆ ಸಂಬಂಧಿಸಿದ್ದೆಲ್ಲ ಮಿಸ್ತ್ರಿಯ ಜವಾಬ್ದಾರಿ.

"ಪಲ್ಪರಿಗೆ ನೀರು ಕೊಡೋನು ನೀನು. ಆ ನೀರು ಎಲ್ಲಿಗೆ ಹೋಯ್ತದೆ ಅಂತ ನೋಡೋನು ಯಾರು, ನಿಮ್ಮಪ್ಪನಾ?"

ಮಿಸ್ತ್ರಿ ಸತ್ತ ಮೀನುಗಳನ್ನು ನೋಡುತ್ತ ನಿಂತಿದ್ದರು. "ಹೌದು ಸಾವ್ಕಾರ್ರೇ. ನೀರು ನಂದೇ. ಮಳೆನೂ ನಂದೇ" ಎಂದರು.

ಆ ಎರಡನೆಯ ಮಾತಿಗೇ ಕೆಲಸ ಹೋಯಿತು. ಪಂಪ್‌ಹೌಸಿನ ಬೀಗದ ಕೈ ಕಿತ್ತುಕೊಂಡು ಅವರನ್ನು ಮರಗಸಿಗೆ ಹಾಕಿದರು. ಮರಗಸಿ ಎಂದರೆ ಕಾಫಿಯ ಮೇಲಿನ ನೆರಳು ಮರ ಹತ್ತಿ ಕೊಂಬೆ ಕಡಿಯುವುದು. ಐವತ್ತು ದಾಟಿದ ಮನುಷ್ಯ, ಮೊಣಕಾಲು ನೋವು ಬೇರೆ. ಅವರನ್ನು ಮರಗಸಿಯ ಮಸ್ಟರಿಗೆ ಬರೆದುಕೊಂಡವನು ನಾನೇ. ಆ ದಿನ ನನ್ನ ಅಕ್ಷರ ಚೆನ್ನಾಗಿ ಬಂದಿತ್ತು. ನನಗೆ ಆಗ ಕೆಲಸಕ್ಕೆ ಸೇರಿ ಎರಡೇ ವರ್ಷ, ಮನೆಯಲ್ಲಿ ಎಳೆಯ ಮಗು, ಆಲೂರಿನಲ್ಲಿ ಹಾಸಿಗೆ ಹಿಡಿದ ಅಪ್ಪ. ಬಾಯಿ ಮುಚ್ಚಿಕೊಂಡಿರುವುದಕ್ಕೆ ಬೇಕಾದ ಕಾರಣಗಳು ಬಡವನಿಗೆ ಎಂದೂ ಕಡಿಮೆ ಬೀಳುವುದಿಲ್ಲ. ಇವತ್ತಲ್ಲ, ಮಗು ಸ್ವಲ್ಪ ದೊಡ್ಡದಾಗಲಿ ಎಂದುಕೊಂಡೆ. ಮಗು ಶಾಲೆಗೆ ಹೋಗತೊಡಗಿತು.

ಮರಗಸಿ ಅವರಿಗೆ ಎರಡು ತಿಂಗಳಿಗೇ ಮುಗಿಯಿತು. ಸಾಹುಕಾರರು ಕರುಣೆ ತೋರಿದರೆಂದಲ್ಲ. ಹೂ ನೀರಿನ ಕಾಲ ಬಂದು, ಎಂಜಿನ್ ಯಾರ ಕೈಗೂ ಸ್ಟಾರ್ಟ್ ಆಗಲಿಲ್ಲ. ಸಕಲೇಶಪುರದಿಂದ ಒಬ್ಬ ಮೆಕ್ಯಾನಿಕ್ ಬಂದು ನೋಡಿದ, ಮಾರನಹಳ್ಳಿಯಿಂದ ಇನ್ನೊಬ್ಬ. ಮೂರನೆಯ ದಿನ ಸಾಹುಕಾರರೇ ಜೀಪಿನಲ್ಲಿ ತೋಟಕ್ಕೆ ಹೋಗಿ ಮರದ ಕೆಳಗೆ ನಿಂತು, "ಇಳಿಯೋ ಮಾರಾಯ" ಎಂದರು. ಮೇಲಿಂದ ಉತ್ತರ ಬಂತು. "ಈ ಕೊಂಬೆ ಮುಗಿಸ್ಬುಟ್ಟು ಬತ್ತೀನಿ. ಅರ್ಧ ಬಿಟ್ರೆ ಬಯ್ತಾರೆ."

ಕೆಲಸವೇನೋ ವಾಪಸು ಬಂತು, ಮೀನು ಬರಲಿಲ್ಲ. ಕೆರೆಯಲ್ಲಿ ಕಪ್ಪೆ ಬಿಟ್ಟರೆ ಏನೂ ಇರಲಿಲ್ಲ. ಇನ್ನು ಭಾನುವಾರ ಮನೆಯಲ್ಲಿ ಮಲಗಬಹುದು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಬಾಗಿಲ ಹೊರಗೆ ಅವರ ಕೆಮ್ಮು ಕೇಳಿಸಿತು.

"ಹಿಟ್ಟು ಕಲ್ಸಿದ್ರಾ?"

"ಮೀನೇ ಇಲ್ವಲ್ಲ ಮಿಸ್ತ್ರಿ."

"ಮೀನಿಲ್ಲ ಅಂತ ಬಿಟ್ರೆ, ಮೀನು ಬರೋ ಹೊತ್ಗೆ ಕೈ ಮರ್ತೋಗ್ತದೆ. ಬನ್ನಿ."

ಹೋದೆ. ಬದುಕಿನಲ್ಲಿ ಅದಕ್ಕಿಂತ ದೊಡ್ಡ ದಡ್ಡತನದ ಕೆಲಸ ನಾನು ಮಾಡಿಲ್ಲ, ಅದಕ್ಕಿಂತ ಕಷ್ಟದ್ದೂ ಮಾಡಿಲ್ಲ. ಹಿಟ್ಟು ಗಟ್ಟಿಯಾಯಿತು ಎಂದು ಬಯ್ಯುತ್ತಿದ್ದರು. ಗುರುವಾರದಿಂದ ತೌಡಿನ ಉಂಡೆ ಹಾಕಿಸುತ್ತಿದ್ದರು. ನವಿಲುಗರಿಯ ಬೆಂಡು ನಿಂತ ನೀರಿನಲ್ಲಿ ಗೂಟದಂತೆ ನಿಂತಿರುತ್ತಿತ್ತು. ಅದನ್ನೇ ನೋಡುತ್ತ ಇಬ್ಬರೂ ಮಧ್ಯಾಹ್ನದವರೆಗೆ ಕೂರುತ್ತಿದ್ದೆವು. ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು, "ಏನ್ ಮಿಸ್ತ್ರಿ, ಎಷ್ಟು ಸಿಕ್ತು?" "ನಿನ್ನಂಥೋರು ನಾಲ್ಕು ಜನ ಸಿಕ್ಕಿದ್ರು, ಬಿಟ್ಬುಟ್ಟೆ" ಎನ್ನುತ್ತಿದ್ದರು. ನನ್ನ ಕಡೆ ತಿರುಗಿ ಆಗಾಗ, "ಮತ್ತೆ ರೈಟ್ರೇ, ಏನು ಸಮಾಚಾರ?" ಎಂದು ಕೇಳುತ್ತಿದ್ದರು. ನಾನು ಕಾಫಿ ಧಾರಣೆಯ ಸಮಾಚಾರ ಹೇಳುತ್ತಿದ್ದೆ, ಬಸ್ಸಿನ ಸಮಾಚಾರ ಹೇಳುತ್ತಿದ್ದೆ, ಅಪ್ಪನ ಕೆಮ್ಮಿನ ಸಮಾಚಾರ ಹೇಳುತ್ತಿದ್ದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು "ಇನ್ನೇನು?" ಎನ್ನುತ್ತಿದ್ದರು. "ಇನ್ನೇನಿಲ್ಲ" ಎನ್ನುತ್ತಿದ್ದೆ.

ಮುಂದಿನ ಮಳೆಗಾಲಕ್ಕೆ ಇಬ್ಬರೂ ಹಾಸನಕ್ಕೆ ಹೋಗಿ ಗೆಂಡೆ ಮರಿ ತಂದೆವು. ಬೆರಳುದ್ದದ ಮರಿಗಳು, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ. ಬಸ್ಸಿನಲ್ಲಿ ಅವರು ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ಗುಂಡಿಗೂ ಡ್ರೈವರನ್ನು ಬಯ್ಯುತ್ತ ಬಂದರು. ಕಂಡಕ್ಟರ್ ಟಿಕೆಟ್ ಕೇಳಿದಾಗ, "ನಂಗೊಂದು, ರೈಟರ್‌ಗೊಂದು. ಇವು ಎಲ್ಲಾ ಐದು ವರ್ಷದ ಒಳಗಿನವು" ಎಂದರು. ಚೀಲವನ್ನು ಕೆರೆಯ ನೀರಿನಲ್ಲಿ ಅರ್ಧ ಗಂಟೆ ತೇಲಿಸಿ, ಒಳಗಿನ ನೀರೂ ಹೊರಗಿನ ನೀರೂ ಒಂದೇ ತಣುಪಿಗೆ ಬಂದ ಮೇಲೆ ಬಾಯಿ ಬಿಚ್ಚಿದರು. ಮರಿಗಳು ಹೊರಗೆ ಹೋಗುವುದನ್ನು ಕುಕ್ಕರುಗಾಲಲ್ಲಿ ಕೂತು ನೋಡಿದರು. ಆ ಹೊತ್ತಿನಲ್ಲಾದರೂ ನಾನು ಹೇಳಬಹುದಾಗಿತ್ತು. ಖಾಲಿ ಚೀಲವನ್ನು ಹಿಂಡಿ, ಮಡಚಿ, ಜೇಬಿಗಿಟ್ಟುಕೊಂಡೆ.

ಅವು ಬೆಳೆದವು. ಮೊದಲ ಗೆಂಡೆ ಹತ್ತಿದ ದಿನ ಅವರು ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, ನೀರಿಗೇ ಬಿಟ್ಟರು. ನನಗೆ ಅಳು ಬಂತು. "ಏನ್ರೀ, ಒಂದು ಮೀನು ಬಿಟ್ಟಿದ್ಕೆ ಅಳ್ತೀರಾ? ಬರೋ ವಾರ ನಿಮ್ಗೇ ಕೊಡ್ತೀನಿ ಬಿಡಿ" ಎಂದರು.

ತಿಥಿ ಕಳೆದು ಒಂದು ವಾರಕ್ಕೆ ಅವರ ಮನೆಗೆ ಹೋದೆ. ಅವರ ಹೆಂಡತಿ ಎಸ್ಟೇಟ್ ಲೈನಿನ ಸಾಲುಮನೆಯ ಮುಂದೆ ಅಕ್ಕಿ ಆರಿಸುತ್ತ ಕೂತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಕಾಫಿ ಕೊಟ್ಟರು. ಲೋಟ ಹಿಡಿದುಕೊಂಡೇ ಹೇಳಿದೆ. ಆ ಹಲಗೆ, ಆ ಮಳೆ, ಮೂರನೆಯ ಬೆಳಿಗ್ಗೆ, ಎಲ್ಲ. ಅಕ್ಕ ಮೊರವನ್ನು ಕೆಳಗಿಡಲಿಲ್ಲ.

"ಗೊತ್ತು" ಎಂದರು.

"ಯಾರು ಹೇಳಿದ್ರು?"

"ಇನ್ಯಾರು? ಮೀನು ಸತ್ತ ದಿನಾನೇ ಅಂದ್ರು. ಹಲಗೆ ಮೇಲೆ ಹಸಿ ಮಣ್ಣು ಇತ್ತಂತೆ. ನಿಮ್ಮ ಪ್ಯಾಂಟಿನ ಮಂಡಿ ಮೇಲೂ ಇತ್ತಂತೆ."

ಕಾಫಿ ಆರುತ್ತಿತ್ತು. "ಮತ್ತೆ ಸಾವ್ಕಾರ್ರಿಗೆ ಯಾಕೆ ಹೇಳ್ಲಿಲ್ಲ?" ಎಂದೆ.

"ನಾನೂ ಅದ್ನೇ ಕೇಳ್ದೆ. 'ಎಳೇ ಮಗು ಐತೆ ಅವ್ರ ಮನೇಲಿ, ಕೆಲ್ಸ ಹೋಗ್ಬುಡ್ತದೆ. ನಂಗಾದ್ರೆ ಎಂಜಿನ್ ಐತೆ, ಕರೀದೆ ಎಲ್ಲಿ ಹೋಗ್ತಾರೆ' ಅಂದ್ರು. 'ಅವ್ರೇ ಹೇಳ್ಲಿ. ಇಬ್ರೇ ಇರೋವಾಗ ಹೇಳ್ತಾರೆ' ಅಂದ್ರು. ಮತ್ತೆ ಮೀನಿಲ್ದಿರೋ ಕೆರೇಲಿ ಏನ್ ಕೆಲ್ಸ ಅಂದ್ಕೊಂಡ್ರಿ ಅವ್ರಿಗೆ? ನಾನು ಬಯ್ತಿದ್ದೆ, ಹುಚ್ಚು ಹಿಡ್ದೈತಾ ಅಂತ."

"ಸಿಟ್ಟಿತ್ತಾ ಅಕ್ಕ?"

"ಇರ್ದೆ ಏನು? ಮೊದಲ್ನೇ ವರ್ಷ ಸಿಟ್ಟಿತ್ತು. ಮರಗಸಿಯಿಂದ ಬಂದು ಮಂಡಿಗೆ ಎಣ್ಣೆ ತಿಕ್ಕಿಸ್ಕೊಳ್ಳೋವಾಗ ನಿಮ್ಮನ್ನ ಬಯ್ಯೋದು ಕೇಳ್ಬೇಕಿತ್ತು ನೀವು. ಆಮೇಲೆ ಹಠ ಆಯ್ತು. ಆಮೇಲೆ ಅಭ್ಯಾಸ ಆಗ್ಬುಡ್ತು." ಒಂದು ಕಲ್ಲು ಆರಿಸಿ ಎಸೆದರು. "'ಕೆರೇಲಿರೋ ಗೆಂಡೆಗೆ ಯಾವ ಕಾಲಕ್ಕೆ ಏನು ಎರೆ ಬೇಕು ಅಂತ ನಂಗೊ‌ತ್ತು ಕಣೇ, ಈ ರೈಟರ್‌ಗೆ ಏನು ಹಾಕ್ಬೇಕೋ ಗೊತ್ತಾಗ್ಲಿಲ್ಲ' ಅಂತಿದ್ರು. ನಗಾಡ್ಕೊಂಡೇ ಅಂತಿದ್ರು. ಕಾಫಿ ಕುಡೀರಿ, ಆರೋಯ್ತದೆ."

ಕುಡಿದೆ. ಕೊಟ್ಟ ಕಾಫಿಯನ್ನು ಬಿಟ್ಟು ಬರುವಷ್ಟು ಮರ್ಯಾದೆಗೆಟ್ಟವನಲ್ಲ ನಾನು.

ಅಲ್ಲಿಂದ ನೇರ ಸಾಹುಕಾರರ ಮನೆಗೆ ಹೋದೆ. ಕೆಲಸ ಹೋದರೆ ಹೋಗಲಿ ಎಂದು ನಿರ್ಧರಿಸಿಕೊಂಡಿದ್ದೆ. ಹತ್ತು ವರ್ಷ ಹಳಬನಾದ ಮೇಲೆ, ಕೆಲಸ ಹೋಗುವ ಭಯವಿಲ್ಲದ ಹೊತ್ತಿನಲ್ಲಿ ಎಲ್ಲರೂ ಧೈರ್ಯವಂತರೇ. ಅವರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ನಿಂತುಕೊಂಡೇ ಹೇಳಿದೆ.

"ಯಾವ ಮೀನು?" ಎಂದರು. ನೆನಪಿಸಿದೆ. "ಓ, ಅದಾ? ಯಾವ ಕಾಲದ ಮಾತು ರೈಟ್ರೇ. ಅದು ಮಿಸ್ತ್ರಿ ಮಾಡಿದ್ದಲ್ವಾ?"

"ಅಲ್ಲ. ನಾನು ಮಾಡಿದ್ದು."

ಪೇಪರಿನ ಪುಟ ತಿರುಗಿಸಿದರು. "ಹೋಗ್ಲಿ ಬಿಡಿ. ಹೂ ನೀರು ಹತ್ರ ಬಂತು, ಪಂಪಿಗೆ ಯಾರಾದ್ರೂ ಸಿಕ್ಕಿದ್ರಾ?"

ಹುಡುಕುತ್ತಿದ್ದೇನೆ ಎಂದು ಹೇಳಿ ಬಂದೆ. ಆ ಸಂಜೆ ಹೆಂಡತಿಗೂ ಹೇಳಿದೆ. ಎಂಟು ವರ್ಷ ಗಂಟಲಲ್ಲಿ ಕೂತಿದ್ದ ಮಾತು ಈಗ ಸಲೀಸಾಗಿ ಬರುತ್ತದೆ. ತಡವರಿಸುವುದೂ ಇಲ್ಲ. ಅಕ್ಕನಿಗೆ ಹೇಳಿದ್ದೇನೆ, ಸಾಹುಕಾರರಿಗೆ ಹೇಳಿದ್ದೇನೆ, ಹೆಂಡತಿಗೆ ಹೇಳಿದ್ದೇನೆ, ಈಗ ಇಲ್ಲಿ ಬರೆದೂ ಇದ್ದೇನೆ. ಅವರಿಗೆ ಹೇಳಿಲ್ಲ.